ಅವಧಿ ಇಲ್ಲದ ಠರಾವು

ಪ್ರತಿ ಚುನಾವಣೆಗೂ ಪಕ್ಷದವರು ನನ್ನ ತಮ್ಮನ ಜೀವನಚರಿತ್ರೆ ಅಚ್ಚು ಹಾಕಿಸುತ್ತಾರೆ. ಅರ್ಧ ಪುಟದ ಕರಪತ್ರ, ಕೆಂಪು ಶಾಯಿ, ಜೊತೆಗೊಂದು ಫೋಟೊ. ಫೋಟೊದಲ್ಲಿ ಅವನು ಮುಷ್ಟಿ ಎತ್ತಿದ್ದಾನೆ. ಮನೆಯಲ್ಲಿ ಉಂಡ ತಟ್ಟೆ ಎತ್ತಿದ್ದನ್ನು ಕೂಡ ನಾನು ನೋಡಿಲ್ಲ. ಕಾರ್ಮಿಕನ ಮಗ, ಗಾಜಿನ ಕಾರ್ಖಾನೆಯ ಅಪ್ರೆಂಟಿಸ್, ಸಂಘದ ಕಾರ್ಯದರ್ಶಿ, ನಗರಸಭೆಯ ಸದಸ್ಯ, ಈಗ ಸಂಸತ್ ಸದಸ್ಯ ಎಂದೆಲ್ಲ ಅದರಲ್ಲಿದೆ. ಅದೆಲ್ಲ ಸರಿಯೇ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ತತ್ವದ ಪ್ರಶ್ನೆ ಬಂದಾಗ ಹೆತ್ತ ತಂದೆಗೂ ರಿಯಾಯಿತಿ ಕೊಡದ ನಾಯಕ.' ಅದೂ ಸುಳ್ಳಲ್ಲ. ಒಂದೇ ಮನೆಯಲ್ಲಿದ್ದು, ಒಂದೇ ಮೇಜಿನ ಮೇಲೆ ಉಂಡು, ಯೌವನದಿಂದ ತಲೆ ನರೆಯುವ ತನಕ ಅವನು ಅಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ.

ಕರಪತ್ರದವರಿಗೆ ಅರ್ಧ ಪುಟ ಸಾಕು. ನನಗೆ ಸಾಲದು. ಅವರಿಬ್ಬರ ನಡುವಿನ ಮಾತೆಲ್ಲ ಹಾದುಹೋದದ್ದು ನನ್ನ ಬಾಯಿಂದ.

ಅಪ್ಪ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ಗಾಜಿನ ಕುಲುಮೆ ಅಡುಗೆಮನೆಯ ಒಲೆಯ ಹಾಗಲ್ಲ. ಒಮ್ಮೆ ಹಚ್ಚಿದರೆ ಹಗಲೂ ರಾತ್ರಿ, ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಆರಿತೋ, ಒಳಗಿನ ಗಾಜು ಹೆಪ್ಪುಗಟ್ಟಿ ಇಟ್ಟಿಗೆಯನ್ನು ಸೀಳಿ ಹಾಕುತ್ತದೆ. ಆಮೇಲೆ ಅದನ್ನು ಒಡೆದು ಎಸೆದು ಹೊಸದನ್ನು ಕಟ್ಟಬೇಕು, ಅಷ್ಟು ದಿನ ಎಲ್ಲರೂ ಮನೆಯಲ್ಲಿ ಕೂರಬೇಕು. ದೊಡ್ಡ ಮುಷ್ಕರ ನಡೆದ ವರ್ಷ ಸಂಘದವರು ಎಲ್ಲರೂ ಹೊರಗೆ ಬನ್ನಿ ಅಂದರು. ಕುಲುಮೆಯ ಗತಿ ಏನು ಎಂದು ಕೇಳಲು ಅಪ್ಪ ಸಭೆಯಲ್ಲಿ ಕೈ ಎತ್ತಿದ್ದರಂತೆ. ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ. ಎರಡನೆಯ ಸಲ ಕೈ ಎತ್ತುವ ಜಾಯಮಾನ ಅಪ್ಪನದಲ್ಲ. ವಾರ ಕಳೆಯುವುದರೊಳಗೆ, ಹಾಡುಹಗಲಲ್ಲೇ, ಬುತ್ತಿ ಹಿಡಿದುಕೊಂಡು ಎಲ್ಲರ ಕಣ್ಣೆದುರೇ ಗೇಟು ದಾಟಿ ಒಳಗೆ ಹೋದರು.

ಸಂಜೆ ಗೇಟಿನ ಮುಂದೆ ತುರ್ತು ಸಭೆ. ಆಗಿನ್ನೂ ಮೀಸೆ ಸರಿಯಾಗಿ ಮೂಡದ ನನ್ನ ತಮ್ಮ ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ತನ್ನ ಜೀವನದ ಮೊದಲ ಭಾಷಣ ಮಾಡಿದ. ಕೇಳಿದವರೆಲ್ಲ ಅತ್ತರಂತೆ. ಕೊನೆಗೆ ಠರಾವು ಮಂಡಿಸಿದ: 'ಈ ಸಂಘದ ಯಾವ ಸದಸ್ಯನೂ ಸದರಿ ವ್ಯಕ್ತಿಯೊಂದಿಗೆ ಮಾತನಾಡತಕ್ಕದ್ದಲ್ಲ.' ಸದರಿ ವ್ಯಕ್ತಿ ಅಂದರೆ ನಮ್ಮಪ್ಪ. ಎಲ್ಲ ಕೈಗಳೂ ಮೇಲೆದ್ದವು. ಅವನನ್ನು ಹೆಗಲ ಮೇಲೆ ಹೊತ್ತು ಬೀದಿಯೆಲ್ಲ ಮೆರೆಸಿದರು. ನಮ್ಮ ಮನೆಯ ಮುಂದೆಯೂ ಮೆರವಣಿಗೆ ಬಂತು. ಅಮ್ಮ ಹೊರಗೆ ಬರಬೇಕೋ ಒಳಗೆ ಕೂರಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದಳು.

ಇಲ್ಲಿ ಒಂದು ಎಡವಟ್ಟಾಯಿತು. ಇಂಥ ಠರಾವಿನ ಕೊನೆಗೆ 'ಮುಷ್ಕರ ಮುಗಿಯುವವರೆಗೆ' ಎಂದು ಸೇರಿಸುವುದು ಸಂಘದ ರೂಢಿ. ಹಳಬರು ಯಾರು ಮಂಡಿಸಿದ್ದರೂ ಅದು ಬಾಯಿಪಾಠದ ಹಾಗೆ ತಾನಾಗಿ ಬರುತ್ತಿತ್ತು. ನನ್ನ ತಮ್ಮ ಹೊಸಬ. ಮರೆತ. ಚಪ್ಪಾಳೆಯ ಗಲಾಟೆಯಲ್ಲಿ ಹಳಬರಿಗೂ ಹೊಳೆಯಲಿಲ್ಲ. ಹೀಗಾಗಿ ಮುಷ್ಕರ ಮುಗಿಯಿತು, ಠರಾವು ಮುಗಿಯಲಿಲ್ಲ.

ಮುಷ್ಕರ ಗೆದ್ದರು. ಕೆಲಸಕ್ಕೆ ಮರಳಿದಾಗ ಕುಲುಮೆ ಬಿಸಿಯಾಗಿತ್ತು, ಅವತ್ತೇ ಕೆಲಸ ಶುರುವಾಯಿತು. ಯಾಕೆ ಬಿಸಿಯಾಗಿತ್ತು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಒಂದು ಮಾತು ಹೇಳೋಣವೆಂದರೆ ಠರಾವು ಅಡ್ಡ.

"ಯಾಕಪ್ಪ ಹೋದ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಬೆಂಕಿ ಆರ್ತಿತ್ತು."

"ಮತ್ತೆ ಆ ದಿನಗಳ ಸಂಬಳ ಯಾಕೆ ತಗೊಂಡ್ರಿ? ಅದಕ್ಕೇ ಅಲ್ವಾ ಜನಕ್ಕೆ ಅಷ್ಟು ಸಿಟ್ಟು ಬಂದಿದ್ದು?"

"ಕೆಲಸ ಮಾಡಿದ್ದೆ."

ಅಷ್ಟೇ. ತನ್ನ ಪರವಾಗಿ ಮೂರನೆಯ ವಾಕ್ಯ ಆಡಿದ್ದರೆ ಅಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಆಡಲಿಲ್ಲ. ಉಳಿದವರು ಕ್ರಮೇಣ ಉಪಾಯ ಕಂಡುಕೊಂಡರು. ಅಪ್ಪನ ಪಕ್ಕ ನಿಂತು ಗೋಡೆಯ ಕಡೆ ತಿರುಗಿ, "ಇವತ್ತು ಉರಿ ಸ್ವಲ್ಪ ಕಮ್ಮಿ ಅನ್ಸತ್ತೆ," ಅನ್ನುವರು. ಅಪ್ಪ ಇನ್ನೊಂದು ಗೋಡೆಗೆ ಉತ್ತರ ಕೊಡುವರು. ಮುಂದೆ ಕಾರ್ಖಾನೆಯೇ ಮುಚ್ಚಿತು. ಬೀದಿಯವರು ಗೋಡೆಯನ್ನು ಬಿಟ್ಟು ನೇರವಾಗಿ ಮಾತಾಡತೊಡಗಿದರು, 'ಬೆಂಕಿತಾತ' ಎಂದು ಕರೆದರು, ಮಕ್ಕಳನ್ನು ತಂದು ತೊಡೆಯ ಮೇಲೆ ಕೂರಿಸಿದರು. ಠರಾವನ್ನು ಪಾಲಿಸುವವನು ಜಗತ್ತಿನಲ್ಲಿ ಒಬ್ಬನೇ ಉಳಿದ.

ನಮ್ಮ ಮನೆಯ ಊಟದ ಮೇಜು ಹೀಗಿತ್ತು.

"ಅಕ್ಕ, ಅಪ್ಪನಿಗೆ ಹೇಳು, ಉಪ್ಪು ಈ ಕಡೆ ಕೊಡ್ಲಿ."

"ಅಪ್ಪ, ಉಪ್ಪು ಕೊಡ್ಬೇಕಂತೆ."

"ಅವನಿಗೆ ಹೇಳು, ಆಗ್ಲೇ ಒಂದ್ಸಲ ಹಾಕ್ಕೊಂಡಿದಾನೆ. ಬಿಪಿ ಬರತ್ತೆ."

"ಬಿಪಿ ಬರತ್ತಂತೆ ಕಣೋ."

"ಕೇಳಿಸ್ತು."

"ಕೇಳಿಸಿದ ಮೇಲೆ ಮಧ್ಯ ನಾನ್ಯಾಕೋ?"

"ಠರಾವು ಇರೋದು ಮಾತಾಡೋದಕ್ಕೆ ಅಕ್ಕ. ಕೇಳಿಸ್ಕೊಳ್ಳೋದಕ್ಕಲ್ಲ."

ಇದನ್ನು ಅವನು ತಮಾಷೆಗೆ ಹೇಳುತ್ತಿರಲಿಲ್ಲ. ಸದಸ್ಯರಲ್ಲದವರ ಮೂಲಕ ಸಂದೇಶ ಕಳಿಸಬಹುದು ಎನ್ನುವುದು ಅವನೇ ಕೊಟ್ಟುಕೊಂಡ ತೀರ್ಪು. ಸಂಘವೆಂದರೆ ಅವನಿಗೆ ಎಲ್ಲವೂ ಒಂದೇ, ಹಾಗಾಗಿ ನಾನು ಯಾವ ಸಂಘದ ಸದಸ್ಯಳೂ ಆಗುವ ಹಾಗಿರಲಿಲ್ಲ. ನಾನು ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರು ಹೊಲಿಯುತ್ತಿದ್ದೆ. ನಮ್ಮಲ್ಲೂ ಸಂಘ ಬಂತು. ಅದನ್ನು ಕಟ್ಟಲು ಬಂದವನು ಇವನೇ. ಗೇಟಿನ ಹತ್ತಿರ ನಿಂತು, 'ಅಕ್ಕಂದಿರೇ, ತಂಗಿಯರೇ, ಒಬ್ಬರೂ ಹೊರಗುಳಿಯಬೇಡಿ' ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಮನೆಗೆ ಬಂದು ನನಗೆ, "ನೀನು ಮಾತ್ರ ಬೇಡಕ್ಕ," ಅಂದ. ಹೊಲಿಗೆಯವರೆಲ್ಲ ನನ್ನನ್ನು ಮಾಲೀಕನ ಕಡೆಯವಳು ಅಂದುಕೊಂಡರು.

ನನ್ನನ್ನು ನೋಡಲು ಒಮ್ಮೆ ಗಂಡಿನ ಕಡೆಯವರು ಬಂದಿದ್ದರು. ಹುಡುಗ ರೈಲ್ವೆಯಲ್ಲಿ ಗಾರ್ಡು, ನೋಡಲು ಲಕ್ಷಣವಾಗಿದ್ದ. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೇನೆ. ತಮ್ಮ ನನಗೆ ಹೇಳುತ್ತಾನೆ, "ಅಪ್ಪನಿಗೆ ಹೇಳು, ಹುಡುಗ ಒಳ್ಳೆಯವನ ಹಾಗೆ ಕಾಣ್ತಾನೆ." ಅಪ್ಪ ನನಗೆ ಹೇಳುತ್ತಾರೆ, "ಅವನಿಗೆ ಹೇಳು, ನಂಗೂ ಹಾಗೇ ಅನ್ಸತ್ತೆ." ನಾನು ಎರಡೂ ಕಡೆ ವರದಿ ಒಪ್ಪಿಸಿದೆ. ಗಾರ್ಡಿನ ತಾಯಿ ಚಹಾ ಅರ್ಧಕ್ಕೆ ಬಿಟ್ಟು ಎದ್ದಳು. ಹೊಟ್ಟೆ ಉರಿಯಲಿಲ್ಲವೇ ಎಂದರೆ ಉರಿಯಿತು. ಈಗಲೂ ಉರಿಯುತ್ತದೆ. ಆದರೆ ಇಬ್ಬರನ್ನೂ ಬಿಟ್ಟು ನಾನು ಎಲ್ಲಿಗೆ ಹೋಗಲಿ? ನಾನಿಲ್ಲದಿದ್ದರೆ ಉಪ್ಪಿಲ್ಲದೆ ಸಾಯುತ್ತಿದ್ದರು.

ಅಮ್ಮ ತೀರಿಕೊಂಡ ದಿನವೂ ಹೀಗೆಯೇ. ಇಬ್ಬರೂ ಮಂಚದ ಎರಡು ಬದಿಗೆ ನಿಂತಿದ್ದರು. ತಮ್ಮ ನನ್ನ ಕಡೆ ನೋಡಿ, "ಅಪ್ಪನಿಗೆ ಹೇಳು, ಕೂತ್ಕೊಳ್ಳಲಿ, ಬಿದ್ದುಬಿಡ್ತಾರೆ," ಅಂದ. ಅಪ್ಪ, "ಅವನಿಗೆ ಹೇಳು, ಅವನೂ ಕೂತ್ಕೊಳ್ಳಲಿ," ಅಂದರು. ನಾನು ಅಮ್ಮನ ಕಾಲು ಹಿಡಿದು ಅಳುತ್ತಿದ್ದವಳು ಮೂಗು ಒರೆಸಿಕೊಂಡು ಇಬ್ಬರಿಗೂ ಹೇಳಿದೆ. ಇಬ್ಬರೂ ಕೂತರು. ನನಗೆ ಕೂರು ಎಂದು ಯಾರೂ ಹೇಳಲಿಲ್ಲ.

ಇಷ್ಟರಲ್ಲಿ ತಮ್ಮ ಮೇಲೇರುತ್ತಲೇ ಹೋದ. ನಗರಸಭೆಯಲ್ಲಿ ಚರಂಡಿಯ ಮೇಲೆ ಅವನು ಮಾಡಿದ ಭಾಷಣ ಕೇಳಿ ಎದುರು ಪಕ್ಷದವರೇ ಚರಂಡಿಗೆ ಕೈ ಎತ್ತಿದರಂತೆ. ಮೊದಲ ಸಲ ಸಂಸತ್ತಿಗೆ ನಿಂತಾಗ ಠೇವಣಿ ಹೋಯಿತು, ಎರಡನೆಯ ಸಲ ಗೆದ್ದ, ಆಮೇಲೆ ಸೋತಿಲ್ಲ. ಪಿಂಚಣಿ, ಗಣಿ, ರೈಲ್ವೆ ಟಿಕೆಟಿನ ದರ, ದಾದಿಯರ ರಜೆ, ಯಾವುದರ ಮೇಲಾದರೂ ಸರಿ, ಸ್ಪೀಕರು ಗಂಟೆ ಬಾರಿಸಿ ಬಾರಿಸಿ ಕೈ ನೋಯುವ ತನಕ ಮಾತಾಡುತ್ತಾನೆ. ಎಂಪಿಯಾದರೂ ಅದೇ ಎರಡು ಕೋಣೆಯ ಮನೆ, ಅದೇ ಸೈಕಲ್ಲು, ಮೊಣಕೈ ಹತ್ತಿರ ನಾನು ತೇಪೆ ಹಾಕಿದ ಅದೇ ಕೋಟು. ಒಂದು ಪೈಸೆ ಮುಟ್ಟಿದವನಲ್ಲ. ಅಕ್ಕ ಅಂತ ಹೊಗಳುತ್ತಿಲ್ಲ, ಮುಟ್ಟಿದ್ದರೆ ಅಡುಗೆಮನೆಯ ಸೋರುವ ನಲ್ಲಿ ಯಾವತ್ತೋ ರಿಪೇರಿಯಾಗುತ್ತಿತ್ತು.

ಸದನ ನಡೆಯುವಾಗ ಅಪ್ಪ ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಬೀದಿಯವರು ಬಂದು ಮಾತಾಡಿಸಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು. ಭಾಷಣ ಮುಗಿದ ಮೇಲೆ ನಾನು ರಾಜಧಾನಿಗೆ ಫೋನು ಮಾಡಬೇಕು.

"ಅವನಿಗೆ ಹೇಳು, ನಡೂವೆ ಉಸಿರು ತಗೋಬೇಕು ಅಂತ."

"ಉಸಿರು ತಗೋಬೇಕಂತೆ ಕಣೋ."

"ಮತ್ತೇನಂದ್ರು?" ಎಂದು ತಮ್ಮ ಕೇಳುತ್ತಿದ್ದ. ಪ್ರತಿ ಸಲವೂ ಕೇಳುತ್ತಿದ್ದ. ಪತ್ರಿಕೆಗಳಲ್ಲಿ ಏನು ಬಂದಿದೆ ಎಂದು ಒಂದು ದಿನವೂ ಕೇಳಿದವನಲ್ಲ.

ಕಳೆದ ವರ್ಷ ಅಪ್ಪನ ದನಿ ಒಡೆಯಿತು. ಶೀತ ಅಂದುಕೊಂಡೆವು. ಕಷಾಯ, ಮಾತ್ರೆ, ಬಿಸಿನೀರು, ಯಾವುದಕ್ಕೂ ಬಗ್ಗಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋದೆವು. ತಮ್ಮನೂ ಬಂದ. ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಸುತ್ತಿ ಬಳಸಿ ಮಾತಾಡುವವಳಲ್ಲ.

"ಗಂಟಲಲ್ಲಿ ಗಡ್ಡೆ ಇದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಜೀವಕ್ಕೇನೂ ಭಯ ಇಲ್ಲ, ಆರಾಮಾಗಿರ್ತಾರೆ. ಆದ್ರೆ ಆಮೇಲೆ ಮಾತು ಬರಲ್ಲ. ಸೋಮವಾರ ಮಾಡೋಣ. ಅಷ್ಟರಲ್ಲಿ ಮನೆಯವರೆಲ್ಲ ಏನೇನು ಮಾತಾಡ್ಬೇಕೋ ಮಾತಾಡಿಬಿಡಿ."

ತಮ್ಮ ಗೋಡೆಗೆ ನೇತುಹಾಕಿದ್ದ ಕಿವಿಯ ಚಿತ್ರವನ್ನೇ ನೋಡುತ್ತಿದ್ದ. ಅಪ್ಪ ಕೆಮ್ಮಿ, ನನ್ನ ಕಡೆ ತಿರುಗಿ, "ಅವನಿಗೆ ಹೇಳು, ಡಾಕ್ಟರಮ್ಮನಿಗೆ ಥ್ಯಾಂಕ್ಸ್ ಹೇಳ್ಲಿ," ಅಂದರು. ಅಪ್ಪನಿಗೂ ಅವನಿಗೂ ನಡುವೆ ಒಂದು ಕುರ್ಚಿಯಷ್ಟು ಜಾಗ. ಡಾಕ್ಟರಮ್ಮ ನಮ್ಮನ್ನು ನೋಡಿದ ರೀತಿ ನೋಡಿದರೆ, ನಾವು ಬಂದ ವಿಭಾಗವೇ ತಪ್ಪು ಎನ್ನುವ ಹಾಗಿತ್ತು.

ಅವತ್ತು ಮನೆಗೆ ಬಂದವಳೇ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಸೋಮವಾರದೊಳಗೆ ಅಪ್ಪನ ಹತ್ರ ಮಾತಾಡ್ತೀಯಾ ಇಲ್ವಾ?"

"ಆಗಲ್ಲಕ್ಕ."

"ಯಾಕಾಗಲ್ಲ? ನಾಲಿಗೆ ಬಿದ್ದುಹೋಗತ್ತಾ?"

"ಎಲ್ಲರೂ ಸೇರಿ ಮಾಡಿದ ತೀರ್ಮಾನ ಅದು. ಒಬ್ಬನೇ ಮುರಿಯೋ ಹಾಗಿಲ್ಲ."

"ಎಲ್ಲರೂ ಮುರಿದು ಎಷ್ಟು ವರ್ಷ ಆಯ್ತೋ! ನೀನೇ ತಾನೆ ಅದನ್ನ ಮಂಡಿಸಿದ್ದು?"

"ಅದಕ್ಕೇ ಆಗಲ್ಲ," ಅಂದ. "ಬೇರೆ ಯಾರಾದ್ರೂ ಮಂಡಿಸಿದ್ರೆ ನಾನೂ ಯಾವತ್ತೋ ಮುರೀತಿದ್ದೆ. ನಾನೇ ಮಾತಾಡಿ ಅಷ್ಟು ಜನರ ಕೈ ಎತ್ತಿಸಿದೀನಿ. ಕರಪತ್ರದ ಆ ಸಾಲು ಓದಿ ಜನ ನನಗೆ ವೋಟು ಹಾಕಿದಾರೆ. ಈಗ ನನ್ನಪ್ಪ ಅಂತ ಕದ್ದು ಮಾತಾಡಿದ್ರೆ ನಾನು ಯಾವ ಸೀಮೆ ಮನುಷ್ಯ?"

ಸೋರುವ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸುತ್ತ ನಿಂತ. ಇಂಥ ಮೊಂಡನಿಗೆ ದಾರಿ ಒಂದೇ. ಠರಾವನ್ನು ಕ್ರಮಬದ್ಧವಾಗಿ ರದ್ದು ಮಾಡಿಸಬೇಕು.

ಮರುದಿನ ಪಕ್ಷದ ಕಚೇರಿಗೆ ಹೋದೆ. ಮೂಲೆಯಲ್ಲಿ ಸುತ್ತಿಟ್ಟ ಬಾವುಟಗಳು, ಲೋಟದ ಕಲೆಗಳೇ ತುಂಬಿದ ಮೇಜು, ಅದರ ಹಿಂದೆ ಜಿಲ್ಲಾ ಕಾರ್ಯದರ್ಶಿ. ಪೂರ್ತಿ ಕೇಳಿಸಿಕೊಂಡು ಲೊಚಗುಟ್ಟಿದ.

"ಕಷ್ಟ ಅಕ್ಕಾವ್ರೆ. ಠರಾವು ಮಾಡಿದ ಸಂಘವೇ ರದ್ದು ಮಾಡ್ಬೇಕು. ಆ ಸಂಘ ಈಗ ಇಲ್ವಲ್ಲ."

"ಸಂಘ ಇಲ್ಲ ಅಂದ್ಮೇಲೆ ಠರಾವು ಹೇಗಿದೆ?"

ಅವನು ಪೆನ್ನು ತೆಗೆದು ಅದನ್ನು ಬರೆದುಕೊಂಡ. "ಒಳ್ಳೇ ಪ್ರಶ್ನೆ. ಮುಂದಿನ ಸಮಿತಿ ಸಭೆಯಲ್ಲಿ ಇಡ್ತೀನಿ."

"ಯಾವಾಗ ಸಭೆ?"

"ಮುಂದಿನ ತಿಂಗಳು."

ನಾನು ಏನಂದೆ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಾವುಟಗಳನ್ನು ದಾಟಿಕೊಂಡು ಹೊರಗೆ ಬಂದವಳು ನೇರ ಪ್ಯಾಕಿಂಗ್ ಚಿಕ್ಕಮ್ಮನ ಮನೆಗೆ ಹೋದೆ. ನಮಗೇನೂ ಸಂಬಂಧಿಯಲ್ಲ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು, ಬೀದಿಗೆಲ್ಲ ಚಿಕ್ಕಮ್ಮ, ಸಂಘದ ಉಪಾಧ್ಯಕ್ಷೆಯಾಗಿದ್ದವಳು. ಬಟಾಣಿ ಸುಲಿಯುತ್ತ ಕೂತಿದ್ದಳು.

"ಸಂಘ ಇಲ್ಲ ಅಂದ್ನಾ ಆ ಕಾರ್ಯದರ್ಶಿ?" ಎಂದು ಬಟಾಣಿಯ ಬೋಗುಣಿ ಕೆಳಗಿಟ್ಟಳು. "ಕಾರ್ಖಾನೆ ಮುಚ್ಚಿದ್ದು ಮಾಲೀಕ. ಸಂಘನ ಯಾರೇ ಮುಚ್ಚಿದ್ದು? ವಿಸರ್ಜನೆ ಮಾಡೋಕೆ ಸಭೆ ಕರೀಬೇಕು, ಯಾರೂ ಕರೀಲಿಲ್ಲ. ಅಧ್ಯಕ್ಷರು ಸತ್ರು. ಹಾಗಾದ್ರೆ ಈಗ ನಾನೇ ಅಧ್ಯಕ್ಷೆ. ಭಾನುವಾರ ಬೆಳಿಗ್ಗೆ ಸಭೆ. ಗೇಟ್ ಸಭೆಯ ಠರಾವು ಗೇಟಿನ ಹತ್ರಾನೇ ರದ್ದಾಗ್ಬೇಕು. ನಿಮ್ಮಪ್ಪನ್ನೂ ಕರ್ಕೊಂಡ್ ಬಾ. ಅವನನ್ನ ಕೇಳದೆ ಮಾಡಿದ್ದೇ ಆಗ ನಾವು ಮಾಡಿದ ತಪ್ಪು."

ಕಾರ್ಖಾನೆಯ ಗೇಟು ಇದ್ದ ಜಾಗದಲ್ಲಿ ಈಗ ಪೀಠೋಪಕರಣದ ಮಳಿಗೆ ಇದೆ. ಭಾನುವಾರ ಬೆಳಿಗ್ಗೆ ಬದುಕಿರುವ ಸದಸ್ಯರೆಲ್ಲ ಅಲ್ಲಿ ಸೇರಿದರು. ಊರುಗೋಲು, ಶ್ರವಣಯಂತ್ರ, ಒಬ್ಬರಿಗೆ ಗಾಲಿಕುರ್ಚಿ. ಹೆಚ್ಚು ಹೊತ್ತು ನಿಲ್ಲಲಾಗದೆ ಒಳಗೆ ಹೋಗಿ ಪ್ಲಾಸ್ಟಿಕ್ ಹೊದಿಸಿದ ಹೊಸ ಸೋಫಾಗಳ ಮೇಲೆ ಕೂತರು. ಮಳಿಗೆಯ ಮ್ಯಾನೇಜರ್ ಓಡಿ ಬಂದು ಯಾವುದನ್ನು ಕೊಳ್ಳುತ್ತೀರಿ ಎಂದು ಕೇಳಿದ. "ಕೂತು ನೋಡ್ತಿದೀವಿ," ಅಂದಳು ಚಿಕ್ಕಮ್ಮ. ಅವನು ಅಷ್ಟು ದೂರದಲ್ಲಿ ಕೈಕಟ್ಟಿ ನಿಂತ. ಅಪ್ಪ ಕೊನೆಯ ಸಾಲಿನಲ್ಲಿ ಒಂದು ಆರಾಮಕುರ್ಚಿಯಲ್ಲಿದ್ದರು. ಅದರ ಬೆಲೆಯ ಚೀಟಿ ಅವರ ಕಿವಿಯ ಪಕ್ಕ ತೂಗಾಡುತ್ತಿತ್ತು.

ಚಿಕ್ಕಮ್ಮ ಸಭೆಯನ್ನು ಆರಂಭಿಸಿದಳು. "ಒಂದೇ ವಿಷಯ. ಮಂಡಿಸಿದವನು ಎದ್ದು ನಿಂತು ಯಾಕೆ ವಾಪಸ್ ತಗೋತೀನಿ ಅಂತ ಕಾರಣ ಹೇಳ್ಬೇಕು."

ತಮ್ಮ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ಮುದುಕರೆಲ್ಲ ಶ್ರವಣಯಂತ್ರ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಎಷ್ಟೆಂದರೂ ದೊಡ್ಡ ಭಾಷಣಕಾರ.

"ಸಂಗಾತಿಗಳೇ, ಇವತ್ತಿನ ಜಾಗತಿಕ ಪರಿಸ್ಥಿತಿಯಲ್ಲಿ..."

"ಜಗತ್ತು ಹಾಗಿರ್ಲಿ," ಅಂದಳು ಚಿಕ್ಕಮ್ಮ. "ಕಾರಣ ಹೇಳಪ್ಪ."

ತಮ್ಮ ನಿಂತೇ ಇದ್ದ. ಸದನದಲ್ಲಿ ಮಂತ್ರಿಗಳ ಬೆವರಿಳಿಸಿದವನ ಹಣೆಯಲ್ಲಿ ಬೆವರು.

"ನಂಗೆ ನಮ್ಮಪ್ಪನ ಹತ್ರ ಮಾತಾಡ್ಬೇಕು," ಅಂದು ಧೊಪ್ಪನೆ ಕೂತುಬಿಟ್ಟ. ಪ್ಲಾಸ್ಟಿಕ್ ಕಿರುಗುಟ್ಟಿತು.

ಯಾರೋ ಮೂಗು ಸೀಟಿದರು. ಚಿಕ್ಕಮ್ಮ, "ರದ್ದಿನ ಪರ ಇರೋರು ಕೈ ಎತ್ತಿ," ಅಂದಳು. ಊರುಗೋಲುಗಳೂ ಮೇಲೆದ್ದವು. ಮ್ಯಾನೇಜರನೂ ಎತ್ತಿದ, ಅವನದನ್ನು ಎಣಿಸಲಿಲ್ಲ. "ವಿರೋಧ?" ಎಂದು ಕೇಳಿದ್ದು ಬರೀ ಶಾಸ್ತ್ರಕ್ಕೆ.

ಕೊನೆಯ ಸಾಲಿನಲ್ಲಿ ಅಪ್ಪನ ಕೈ ಮೇಲಿತ್ತು.

"ಏನ್ರೀ ಇದು?" ಅಂದಳು ಚಿಕ್ಕಮ್ಮ. "ನಿಮಗೆ ವೋಟಿಲ್ಲ."

"ಯಾಕಿಲ್ಲ? ನನ್ನನ್ನ ಸಂಘದಿಂದ ತೆಗೆದಿದ್ರಾ?" ಅಪ್ಪನ ದನಿ ಹರಿದ ಕಾಗದದ ಹಾಗಿತ್ತು. "ಮಾತು ಬಿಟ್ರಿ, ಅಷ್ಟೆ. ಚಂದಾ ತಗೋತಾನೇ ಇದ್ರಿ."

ಮುದುಕರು ಮುಖ ಮುಖ ನೋಡಿಕೊಂಡರು. ಹೌದಲ್ಲ, ಚಂದಾ ತೆಗೆದುಕೊಳ್ಳುತ್ತಿದ್ದರು. ನನಗಂತೂ ಮೈಯೆಲ್ಲ ಉರಿದುಹೋಯಿತು. ಇಷ್ಟು ಜನರನ್ನು ಕೈಕಾಲು ಹಿಡಿದು ಕರೆತಂದದ್ದು ಯಾರಿಗಾಗಿ? ನಾನು, "ಅಪ್ಪ, ಸುಮ್ನಿರಿ!" ಎಂದು ಕೂಗಿಯೇಬಿಟ್ಟೆ. ಸದಸ್ಯಳಲ್ಲದವಳು ಸಭೆಯಲ್ಲಿ ಮಾತಾಡಬಾರದು ಎಂದು ಚಿಕ್ಕಮ್ಮ ನನ್ನನ್ನೇ ಗದರಿಸಿ, ಅಪ್ಪನಿಗೆ, "ವಿರೋಧಕ್ಕೆ ಕಾರಣ ಹೇಳಿ," ಅಂದಳು.

ಅಪ್ಪ ನೀರು ಕುಡಿದರು. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು.

"ಅವತ್ತು ಅವನು ಪೆಟ್ಟಿಗೆ ಮೇಲೆ ನಿಂತು ಮಾತಾಡ್ದಾಗ ನಾನು ಒಳಗಿದ್ದೆ. ಕುಲುಮೆ ಹತ್ರ ಕಿಟಕಿ ಇದೆಯಲ್ಲ, ಎಲ್ಲ ಕೇಳಿಸ್ತು. ಸಲಿಕೆ ಕೆಳಗಿಟ್ಟು ಕೇಳ್ದೆ. ನನ್ ಮಗ ಎಷ್ಟ್ ಚೆನ್ನಾಗ್ ಮಾತಾಡ್ದ! ಆಮೇಲೆ ಅವನು ಅಷ್ಟು ಚೆನ್ನಾಗಿ ಯಾವತ್ತೂ ಮಾತಾಡಿಲ್ಲ. ಪಾರ್ಲಿಮೆಂಟಲ್ಲೂ ಇಲ್ಲ, ನಾನು ಎಲ್ಲಾನೂ ನೋಡಿದೀನಿ. ನೀವು ಬೇಕಾದ್ರೆ ರದ್ದು ಮಾಡ್ಕೊಳ್ಳಿ. ಅದನ್ನ ರದ್ದು ಮಾಡೋದಕ್ಕೆ ನಾನು ಕೈ ಎತ್ತಲ್ಲ."

ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಚಿಕ್ಕಮ್ಮ, "ಒಂದು ವಿರೋಧದೊಂದಿಗೆ ಠರಾವು ರದ್ದಾಗಿದೆ," ಎಂದು ಘೋಷಿಸಿದಳು. ವಿಷಯ ತಿಳಿದು ಕಾರ್ಯದರ್ಶಿ ಮಧ್ಯಾಹ್ನ ಫೋನು ಮಾಡಿದ. ಹಾಗಾದರೆ ಕರಪತ್ರದ ಆ ದಪ್ಪಕ್ಷರದ ಸಾಲು ತೆಗೆಯಬೇಕು, ಫೋಟೊ ಸ್ವಲ್ಪ ದೊಡ್ಡದು ಮಾಡುತ್ತೇನೆ ಅಂದ. ಚುನಾವಣೆ ಇನ್ನೇನು ಬಂತು, ವೋಟು ಕಮ್ಮಿಯಾದರೆ ತನ್ನನ್ನು ದೂರಬಾರದು ಎಂದೂ ಸೇರಿಸಿದ.

ಸಭೆ ಮುಗಿಸಿ ಮಳಿಗೆಯಿಂದ ಹೊರಗೆ ಬಂದೆವು. ಇನ್ನು ಯಾವ ಅಡ್ಡಿಯೂ ಇಲ್ಲ. ಅಪ್ಪ ಮೆಟ್ಟಿಲ ಮೇಲೆ, ತಮ್ಮ ಮೆಟ್ಟಿಲ ಕೆಳಗೆ. ತಮ್ಮ ಕೆಮ್ಮಿದ. ನನ್ನ ಕಡೆ ತಿರುಗಿದ.

"ಅಕ್ಕ, ಅಪ್ಪನಿಗೆ ಹೇಳು, ಟ್ಯಾಕ್ಸಿ ಬಂತು ಅಂತ."

ಅವನು ಎಂಪಿ, ಸುತ್ತ ಜನ ಇದ್ದರು. ಇಲ್ಲದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. "ನೀನೇ ಹೇಳೋ!" ಅಂದೆ. ಅವನು ಟ್ಯಾಕ್ಸಿಯ ಬಾಗಿಲು ತೆಗೆದು ಹಿಡಿದು ನಿಂತ. ಅಪ್ಪ ತಾವೇ ಹೋಗಿ ಟ್ಯಾಕ್ಸಿಯಲ್ಲಿ ಕೂತರು. ಮನೆಯಲ್ಲೂ ಅಷ್ಟೇ. ಮುಖ ಮುಖ ನೋಡುವುದು, ನನ್ನ ಕಡೆ ತಿರುಗುವುದು. ಅವತ್ತು ರಾತ್ರಿಯ ಊಟಕ್ಕೆ ಉಪ್ಪು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಆಸ್ಪತ್ರೆ. ಅಪ್ಪನಿಗೆ ಹಸಿರು ಅಂಗಿ ತೊಡಿಸಿ ಮಂಚದ ಮೇಲೆ ಮಲಗಿಸಿದ್ದರು. ಒಳಗೆ ಕರೆದುಕೊಂಡು ಹೋಗಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಚೀಲ ಎತ್ತಿಕೊಂಡೆ. ತಮ್ಮ ನನ್ನ ಸೆರಗು ಹಿಡಿದ.

"ಎಲ್ಲಿಗೆ?"

"ಚಹಾ ಕುಡಿಯೋಕೆ."

"ನೀನಿರಕ್ಕ."

"ಇರಲ್ಲ."

ಸೆರಗು ಬಿಡಿಸಿಕೊಂಡು ಹೊರಗೆ ಬಂದೆ. ಚಹಾಕ್ಕೆ ಹೋಗಲಿಲ್ಲ, ಬಾಗಿಲ ಎದುರಿನ ಬೆಂಚಿನ ಮೇಲೆ ಕೂತೆ. ಬಾಗಿಲಿಗೆ ಒಂದು ಗುಂಡನೆಯ ಗಾಜು. ನೋಡಬಾರದು ಅಂದುಕೊಂಡೆ, ನೋಡಿದೆ. ಅಪ್ಪ ಮಲಗಿದ್ದಾರೆ, ಇವನು ಸ್ಟೂಲಿನ ಮೇಲೆ ಶಾಲೆಯಲ್ಲಿ ತಪ್ಪು ಮಾಡಿದವನ ಹಾಗೆ ಕೂತಿದ್ದಾನೆ. ಇಬ್ಬರ ಬಾಯಿಗೂ ಬೀಗ. ಹೊತ್ತು ಹೋಗುತ್ತಿದೆ. ಎದ್ದು ಒಳಗೆ ಹೋಗಿ ಏನಾದರೂ ಒಂದು ಹೇಳಿಬಿಡಲೇ ಅನ್ನಿಸಿತು. ಹಲ್ಲು ಕಚ್ಚಿ ಕೂತೆ. ಅಷ್ಟರಲ್ಲಿ ದಾದಿ ಏನೋ ತರಲು ಬಾಗಿಲು ತೆರೆದು ಹೊರಗೆ ಬಂದಳು. ಅಪ್ಪನ ಒಡೆದ ದನಿ ಕೇಳಿಸಿತು.

"ಮಾತಾಡೋ! ಮೈಕ್ ಬೇಕೇನೋ ನಿಂಗೆ?"

ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಗಾಜಿನಲ್ಲಿ ಕಂಡದ್ದಷ್ಟೇ ನನಗೆ ಗೊತ್ತು. ತಮ್ಮ ನಗುತ್ತಿದ್ದ, ಇಲ್ಲವೇ ಅಳುತ್ತಿದ್ದ. ಅವನು ಎರಡನ್ನೂ ಒಂದೇ ಥರ ಮಾಡುತ್ತಾನೆ. ಸ್ಟೂಲು ಮುಂದಕ್ಕೆಳೆದುಕೊಂಡ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು, ಅವನದೂ ಕೈಸನ್ನೆ, ಅಪ್ಪನದೂ ಕೈಸನ್ನೆ. ಅಪ್ಪನ ಬಾಯಿ ಒಂದೇ ಸಲ ಅಷ್ಟು ಹೊತ್ತು ಆಡಿದ್ದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಮಂಚ ತಳ್ಳಿಕೊಂಡು ಹೊರಗೆ ಬಂದರು. ನನ್ನ ಹತ್ತಿರ ಬಂದಾಗ ಅಪ್ಪ ನಿಲ್ಲಿಸಲು ಹೇಳಿ ನನ್ನ ಕೆನ್ನೆ ತಟ್ಟಿದರು.

"ಪುಟ್ಟಿ, ನಿಂಗೂ ಇನ್ನು ರೆಸ್ಟು ಕಣೇ."

ಅದೇ ನಾನು ಕೇಳಿದ ಅಪ್ಪನ ಕೊನೆಯ ಮಾತು. ಜೋಡಿ ಬಾಗಿಲು ಮುಚ್ಚಿತು. ತಮ್ಮ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಕಣ್ಣು ಕೆಂಪಗಾಗಿತ್ತು.

"ಏನಂದ್ರು?" ಎಂದು ಕೇಳಿದೆ.

"ಹೇಳಲ್ಲಕ್ಕ."

"ಏನೋ ಹಾಗಂದ್ರೆ? ನಂಗೂ ಹೇಳಲ್ವಾ?"

"ಯಾರಿಗೂ ಹೇಳಲ್ಲ. ಅದು ನಮ್ಮಿಬ್ಬರ ಮಾತು."

ಕೋಪ ನೆತ್ತಿಗೇರಿತು. ಉಪ್ಪಿನಿಂದ ಹಿಡಿದು ಅಮ್ಮನ ಸಾವಿನ ತನಕ ಅವರಿಬ್ಬರ ಒಂದೊಂದು ಮಾತೂ ನನ್ನ ನಾಲಿಗೆಯ ಮೇಲೆ ನಡೆದು ಹೋಗಿದೆ. ನನ್ನ ಮದುವೆ ಅದರ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಿದೆ. ಆಡಿದ ಮಾತುಗಳಲ್ಲೆಲ್ಲ ಬೆಲೆಯುಳ್ಳದ್ದು ಇದೊಂದು, ಇದೊಂದನ್ನೇ ನನಗೆ ಕೊಡುವುದಿಲ್ಲವಂತೆ. ಬಾಯಿತುಂಬ ಬೈಯಬೇಕೆಂದು ಹೊರಟವಳಿಗೆ ಅಳು ಒತ್ತರಿಸಿ ಬಂತು. ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಜೋರಾಗಿ, ನಾಚಿಕೆ ಬಿಟ್ಟು, ಮಗುವಿನ ಹಾಗೆ ಅತ್ತೆ.

ದಾದಿ ಗಾಬರಿಯಾಗಿ ಓಡಿ ಬಂದಳು. "ಏನಾಯ್ತಮ್ಮ? ಒಳಗೆ ಏನೂ ತೊಂದ್ರೆ ಇಲ್ಲ, ಈಗಿನ್ನೂ ಶುರು ಮಾಡ್ತಿದಾರೆ."

"ಗೊತ್ತಮ್ಮ."

"ಮತ್ತೆ ಯಾಕೆ ಹೀಗೆ ಅಳ್ತಿದೀರಾ?"

"ಕೆಲಸ ಹೋಯ್ತು," ಅಂದೆ.

ಅವಳು ನನ್ನನ್ನು ನೋಡಿದಳು, ಪಕ್ಕದಲ್ಲಿ ಕೂತವನ ಗುರುತು ಹಿಡಿದಳು, ಬಾಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಅಂದಳು: "ಎಂಪಿ ಸಾಹೇಬ್ರು ಇಲ್ಲೇ ಇದಾರಲ್ಲಮ್ಮ. ಕೆಲಸ ಹೋದೋರಿಗೆಲ್ಲ ಅವರೇ ತಾನೆ ದಿಕ್ಕು. ಅವರಿಗೊಂದು ಮಾತು ಹೇಳಿ ನೋಡಿ."

"ತೆಗೆದಿದ್ದೇ ಅವನು," ಅಂದೆ.